ಎರಡು ಸಲ ತುಳಿದರೆ ಸಾಕು

ಒಂದು ಕಾರಿದೆ ಅಂದುಕೊಳ್ಳಿ. ಕ್ಲಚ್ ಒಂದು ಸಲ ತುಳಿದರೆ ಗೇರ್ ಬೀಳುವುದಿಲ್ಲ, ಕರಕರ ಅನ್ನುತ್ತದೆ. ತಕ್ಷಣ ಇನ್ನೊಂದು ಸಲ ತುಳಿದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬೀಳುತ್ತದೆ. ಈ ಕಾರು ಕೆಟ್ಟಿದೆಯೋ, ಸರಿ ಇದೆಯೋ? ಓಡಿಸುವವನಿಗೆ ಆ ಗುಟ್ಟು ಗೊತ್ತಿದ್ದರೆ ಸರಿ ಇದೆ, ಗೊತ್ತಿಲ್ಲದಿದ್ದರೆ ಕೆಟ್ಟಿದೆ. ಕಾರು ಮಾತ್ರ ಅದೇ. ಹಾಗಾದರೆ ಅದನ್ನು ಮಾರುವಾಗ ಗುಟ್ಟು ಹೇಳಬೇಕೋ ಬೇಡವೋ? ಹೇಳದೇ ಇದ್ದರೆ ಅದು ಸುಳ್ಳೋ, ಬರೀ ಸುಮ್ಮನಿದ್ದದ್ದೋ?

ಇದು ಚರ್ಚೆಗಾಗಿ ಹುಟ್ಟಿಸಿದ ಪ್ರಶ್ನೆಯಲ್ಲ. ಖಾನಾಪುರದಲ್ಲಿ ನಮ್ಮಪ್ಪನ ಗೆಳೆಯರೊಬ್ಬರಿದ್ದಾರೆ, ಚಿಕ್ಕಂದಿನಿಂದ ನಾನು ಕಾಕಾ ಅಂತಲೇ ಕರೆಯೋದು. ಅವರ ಹತ್ತಿರ 1965ರ ಒಂದು ಎಂಜಿಬಿ ಇತ್ತು. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ ಸ್ಪೋರ್ಟ್ಸ್ ಕಾರು ಅದು. ಕಾಕಾನದು ಎರಡೇ ಸೀಟಿನ, ಟಾಪ್ ಮಡಚುವ ಮಾದರಿ. ಪರದೇಶದ ಕಾರು ತರಿಸುವುದು ಕನಸಾಗಿದ್ದ ಆ ಕಾಲದಲ್ಲಿ ರಾಯಭಾರ ಕಚೇರಿಗಳವರು ಬಿಟ್ಟುಹೋದ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು. ಹಾಗೆ ಯಾರೋ ಕೊಂಡು, ಅವರಿಂದ ಇನ್ನ್ಯಾರೋ ಕೊಂಡು, ಕೊನೆಗೆ ಪುಣೆಯಲ್ಲಿ ಕಾಕಾನ ಕೈಗೆ ಬಂದದ್ದು. ನಲವತ್ತು ವರ್ಷ ಸಾಕಿದ ಅದನ್ನು ಅವರು ಮಾರಲು ಹೊರಟದ್ದು ಮನೆಯ ಹಂಚಿನ ಸಲುವಾಗಿ. ಖಾನಾಪುರದ ಮಳೆ ಬೆಳಗಾವಿಯವರಿಗೇ ಭಯ ಹುಟ್ಟಿಸುವಂಥದ್ದು. ಮೇ ತಿಂಗಳು ಮುಗಿಯುವುದರೊಳಗೆ ಹಳೇ ಮನೆಯ ಜಂತಿ ಬದಲಿಸಿ ಹೊಸ ಹಂಚು ಹೊದಿಸಬೇಕಿತ್ತು.

ಕೊಳ್ಳಲು ಬಂದವನು ಬೆಳಗಾವಿಯ ಶಹಾಪುರದ ಹುಡುಗ, ಬೆಂಗಳೂರಿನಲ್ಲಿ ಕೆಲಸ. ಕಾರು ಕೈಗೆ ಬಂದ ಕೂಡಲೇ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಇಳಿಯುವುದು ಅಂತ ಆಗಲೇ ಪ್ಲಾನ್ ಮಾಡಿದ್ದ. ಮೊದಲ ಸಲ ನೋಡಲು ಬಂದಾಗ ತಾನೇ ಓಡಿಸಿದ, ಗೇರ್ ಕಿರುಚಿತು. ಕಾಕಾ ಓಡಿಸಿ ತೋರಿಸಿದರು, ಏನೂ ತೊಂದರೆ ಇಲ್ಲ. ‘ಹಳೇ ಗಾಡಿ ಓಡಿಸಿ ರೂಢಿ ಇಲ್ಲ ಹುಡುಗ್ಗ’ ಅಂದರು. ಹುಡುಗ ಇನ್ನೊಮ್ಮೆ ಬರುತ್ತೇನೆ ಅಂತ ಹೋದ. ಕಾಕಾ ಬೆಳಗಾವಿಯ ಒಂದು ಗ್ಯಾರೇಜಿನಲ್ಲಿ ಕೇಳಿದರೆ, ಕ್ಲಚ್ ಪ್ಲೇಟ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರಂತೆ. ಎಂಜಿಬಿಯಲ್ಲಿ ಪ್ಲೇಟ್ ಬದಲಿಸಬೇಕಾದರೆ ಎಂಜಿನ್ ಹೊರಗೆ ಬರಲೇಬೇಕು, ಅದು ನಿಜ. ‘ತಮ್ಮಾ, ನೀ ಇಂಜಿನಿಯರ್ ಅದೀಯಲ್ಲ, ಏನಂತ ನೋಡು’ ಅಂತ ನನಗೆ ಫೋನ್ ಬಂತು. ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಹಾಗಾಗಿ ಹೈಸ್ಕೂಲಿನಲ್ಲಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನನ್ನು ಕರೆದುಕೊಂಡು ಹೋದೆ.

ಹೊರಗಿನವರಿಗೆ ಬೆಳಗಾವಿ ಅಂದರೆ ಕುಂದಾ, ಇಲ್ಲವೇ ಗಡಿ ಜಗಳ. ಊರಿನವರಿಗೆ ಉದ್ಯಮಬಾಗದ ಫೌಂಡ್ರಿಗಳು, ಹೈಡ್ರಾಲಿಕ್ ಪಂಪು, ವಾಲ್ವು ಮಾಡುವ ಕಾರ್ಖಾನೆಗಳು ಗೊತ್ತು. ನನ್ನ ಗೆಳೆಯ ಅಂಥದ್ದೊಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಫಿಟ್ಟರ್ ಆಗಿದ್ದು, ಆಮೇಲೆ ಸ್ವಂತ ಗ್ಯಾರೇಜ್ ಹಾಕಿದವನು. ಎಣ್ಣೆ ಎಲ್ಲಿ ಏನು ಮಾಡುತ್ತದೆ ಅನ್ನುವುದು ಅವನಿಗೆ ಅಂಗೈ ನೆಲ್ಲಿಕಾಯಿ.

ಈ ಕಾರಿನ ಕ್ಲಚ್ಚಿಗೆ ಕೇಬಲ್ ಇಲ್ಲ. ಪೆಡಲ್ ಒತ್ತಿದರೆ ಮೇಲಿನ ಮಾಸ್ಟರ್ ಸಿಲಿಂಡರಿನಿಂದ ಎಣ್ಣೆ ಪೈಪಿನಲ್ಲಿ ಇಳಿದು ಕೆಳಗಿನ ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ, ಅದು ಕ್ಲಚ್ಚಿನ ಫೋರ್ಕನ್ನು ತಳ್ಳುತ್ತದೆ. (ಮಾಸ್ಟರ್, ಸ್ಲೇವ್ ಅನ್ನುವ ಹೆಸರುಗಳನ್ನು ನಮ್ಮ ಫೀಲ್ಡಿನಲ್ಲಿ ಈಗ ಬಿಡುತ್ತಿದ್ದೇವೆ, ಗ್ಯಾರೇಜಿನಲ್ಲಿ ಇನ್ನೂ ಇವೆ.) ಮೇಲಿನದರ ವ್ಯಾಸ ಮುಕ್ಕಾಲು ಇಂಚು, ಕೆಳಗಿನದು ಒಂದೂಕಾಲು ಇಂಚು. ವಿಸ್ತೀರ್ಣ ಲೆಕ್ಕ ಹಾಕಿದರೆ ಸುಮಾರು 2.8 ಪಟ್ಟು. ಒತ್ತಡ ಎಲ್ಲ ಕಡೆ ಸಮ ಅಂತ ಪಾಸ್ಕಲ್ ಬರೆದಿಟ್ಟ, ಅವನು ಸತ್ತ ಮೇಲೆ 1663ರಲ್ಲಿ ಅಚ್ಚಾಯಿತು. ನಾವೆಲ್ಲ ಎಸ್ಸೆಸ್ಸೆಲ್ಸಿಗೆ ಮೊದಲೇ ಬಾಯಿಪಾಠ ಮಾಡಿದ್ದು. ಅಂದರೆ ನಿಮ್ಮ ಕಾಲಿನ ಬಲ 2.8 ಪಟ್ಟು ಹೆಚ್ಚುತ್ತದೆ. ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಬಲ ಹೆಚ್ಚಿದಷ್ಟು ಚಲನೆ ಕಡಿಮೆಯಾಗುತ್ತದೆ. ಮೇಲೆ 33 ಮಿಲಿಮೀಟರ್ ಒತ್ತಿದರೆ ಕೆಳಗೆ 12 ಮಾತ್ರ. ಕ್ಲಚ್ ಪೂರ್ತಿ ಬಿಡಬೇಕಾದರೆ ಆ ಹನ್ನೆರಡರ ಸುತ್ತಮುತ್ತ ಬೇಕೇ ಬೇಕು. ಒಂದೆರಡು ಮಿಲಿಮೀಟರ್ ಎಲ್ಲಾದರೂ ಕಳೆದುಹೋದರೆ ಗೇರ್ ಕಿರುಚುತ್ತದೆ.

ಗೆಳೆಯ ಮೊದಲು ಸ್ಪ್ಯಾನರ್ ಮುಟ್ಟಲೇ ಇಲ್ಲ. ಎಂಜಿನ್ ಬಂದ್ ಮಾಡಿ ಗೇರ್ ಹಾಕಿ ನೋಡಿದ, ಎಲ್ಲವೂ ಬಿದ್ದವು. ಚಾಲೂ ಮಾಡಿ ಹಾಕಿದ, ಕಿರುಚಿತು. ಎರಡು ಸಲ ತುಳಿದು ಹಾಕಿದ, ಬಿತ್ತು. ‘ಗೇರ್ ಬಾಕ್ಸ್ ಚಲೋ ಐತಿ. ಕ್ಲಚ್ ಪೂರಾ ಬಿಡವಲ್ದು, ಅಷ್ಟ. ಎರಡನೇ ಸಲಕ್ಕ ಬಿಡತೈತಿ ಅಂದ್ರ ಪ್ಲೇಟಿಂದು ತಪ್ಪಲ್ಲ. ಪ್ಲೇಟ್ ಹೋಗಿದ್ರ ಹತ್ತ ಸಲ ತುಳಿದ್ರೂ ಇಷ್ಟ.’ ಎಂಜಿನ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಗೇರಿನಲ್ಲಿಟ್ಟು ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದ. ಕಾರು ತಾನಾಗಿ ಮುಂದಕ್ಕೆ ಸರಿಯಲಿಲ್ಲ, ಅಂದರೆ ಮೇಲಿನ ಸಿಲಿಂಡರ್ ಎಣ್ಣೆಯನ್ನು ಒಳಗೊಳಗೇ ಬಿಟ್ಟುಕೊಡುತ್ತಿಲ್ಲ. ಕೊನೆಗೆ ಒಂದು ಸ್ಟೀಲ್ ಸ್ಕೇಲ್ ಹಿಡಿದು ಕಾರಿನ ಕೆಳಗೆ ಮಲಗಿದ. ಮೇಲೆ ನಾನು ತುಳಿಯಬೇಕು, ಸ್ಲೇವಿನ ರಾಡು ಎಷ್ಟು ಸರಿಯುತ್ತದೆ ಅಂತ ಅವನು ಕೂಗಬೇಕು. ಮೊದಲ ಸಲ 8 ಮಿಲಿಮೀಟರ್. ಎರಡನೇ ಸಲ ಹನ್ನೊಂದೂವರೆ.

ಸ್ಲೇವಿನ ರಬ್ಬರ್ ಟೋಪಿ ಸರಿಸಿದರೆ ಒಳಗೆಲ್ಲ ಎಣ್ಣೆಯ ಪಸೆ. ‘ಕಿಟ್ ಹೋಗೇತಿ.’ ಅಲ್ಲಿಂದ ಎಣ್ಣೆ ಜಿನುಗುತ್ತದೆ, ಆ ಜಾಗದಲ್ಲಿ ಗಾಳಿ ಸೇರುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮೊದಲ ಸಲ ತುಳಿದದ್ದು ಆ ಗಾಳಿಯನ್ನು ಹಿಂಡುವುದಕ್ಕೇ ಖರ್ಚಾಗುತ್ತದೆ, ಎರಡನೆಯದು ಕೆಲಸ ಮಾಡುತ್ತದೆ. ಏರ್ ತೆಗೆದ, ಒಂದೇ ಸಲಕ್ಕೆ ಹನ್ನೊಂದೂವರೆ ಬಂತು. ಆದರೂ ಹನ್ನೆರಡಕ್ಕೆ ಕಡಿಮೆ. ಪೆಡಲಿನ ಹತ್ತಿರ ಹೋಗಿ ಅದನ್ನು ಸಿಲಿಂಡರಿಗೆ ಜೋಡಿಸುವ ಪಿನ್ನು ಬಿಚ್ಚಿದರೆ ಅದು ಸವೆದು ಸೊಂಟ ಸಣ್ಣಗಾಗಿತ್ತು, ತೂತು ಮೊಟ್ಟೆಯಾಕಾರವಾಗಿತ್ತು. ಅಲ್ಲಿ ಮೂರು ಮಿಲಿಮೀಟರ್ ಸಡಿಲ, ಕೆಳಗೆ ಬರುವಷ್ಟರಲ್ಲಿ ಒಂದು ಮಿಲಿಮೀಟರ್ ನಷ್ಟ. ಎರಡು ತಪ್ಪುಗಳು, ಒಂದರ ಹಿಂದೆ ಒಂದು ಬಚ್ಚಿಟ್ಟುಕೊಂಡಿದ್ದವು. ಪಿನ್ನು ಉದ್ಯಮಬಾಗದ ಲೇಥಿನಲ್ಲಿ ಅರ್ಧ ತಾಸಿನ ಕೆಲಸ, ಮರುದಿನವೇ ಹಾಕಿ ಹನ್ನೆರಡೂವರೆ ಮುಟ್ಟಿಸಿದ. ಸ್ಲೇವಿನ ಕಿಟ್ ಮಾತ್ರ ಇಂಗ್ಲೆಂಡಿನಿಂದ ಬರಬೇಕು, ಮೂರು ವಾರ. ಅಲ್ಲಿಯವರೆಗೆ ಕಾರ್ಖಾನೆಯ ಹೈಡ್ರಾಲಿಕ್ ಎಣ್ಣೆ ಸುರಿಯಬೇಡಿ ಅಂತ ಕಾಕಾನಿಗೆ ಮೂರು ಮೂರು ಸಲ ಹೇಳಿದ. ಹೆಸರು ಹೈಡ್ರಾಲಿಕ್ಕೇ, ಆದರೆ ಆ ಎಣ್ಣೆ ಬಿದ್ದರೆ ಬ್ರೇಕ್ ಆಯಿಲಿಗೆಂದು ಮಾಡಿದ ರಬ್ಬರ್ ಉಬ್ಬಿ ಹಾಳಾಗುತ್ತದೆ.

ನನ್ನನ್ನು ಕಾಡಿದ್ದು ಇದಾದ ಮೇಲಿನ ಮಾತು. ‘ಕಾಕಾ, ಎರಡ ಸಲ ಯಾವಾಗಿಂದ ತುಳಿಯಾಕ ಹತ್ತೀರಿ?’ ಅಂತ ಗೆಳೆಯ ಕೇಳಿದ. ಕಾಕಾ ತಬ್ಬಿಬ್ಬಾದರು. ‘ನಾ ಎಲ್ಲಿ ಎರಡ ಸಲ ತುಳಿತೇನಿ?’ ಸೀಟಿನಲ್ಲಿ ಕೂರಿಸಿ ಓಡಿಸಿ ಅಂದೆವು. ಪ್ರತಿ ಗೇರಿಗೂ ಅವರ ಎಡಗಾಲು ಟಪ್ ಟಪ್ ಅಂತ ಎರಡು ಸಲ ಹೋಗುತ್ತಿತ್ತು. ತಿಂಗಳಿಗೊಮ್ಮೆ ಡಬ್ಬಿಗೆ ಎಣ್ಣೆ ಹಾಕುವುದು ಕೂಡ ದೇವರ ದೀಪಕ್ಕೆ ಎಣ್ಣೆ ಹಾಕಿದಂತೆ ರೂಢಿಯಾಗಿತ್ತು. ಹುಡುಗನ ಮುಂದೆ ‘ಏನೂ ತೊಂದರೆ ಇಲ್ಲ’ ಅಂದಾಗ ಅವರು ಸುಳ್ಳು ಹೇಳಿರಲಿಲ್ಲ. ಕಾಲಿಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ.

ಪ್ರಾಮಾಣಿಕತೆ ಅಂದರೆ ಗೊತ್ತಿದ್ದದ್ದನ್ನು ಹೇಳುವುದು ಅಂತ ನಾವು ತಿಳಿದಿದ್ದೇವೆ. ಅದಕ್ಕಿಂತ ಮೊದಲಿನ ಮೆಟ್ಟಿಲು ಒಂದಿದೆ, ನನಗೆ ಏನು ಗೊತ್ತಿದೆ ಅನ್ನುವುದನ್ನು ನಾನೇ ಕಂಡುಕೊಳ್ಳುವುದು. ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಹೊಂದಿಕೊಂಡು ಹೋಗುವುದನ್ನು ಗುಣ ಅಂತಲೇ ಕಲಿಸಿದ್ದಾರೆ. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರು, ಒಂದೇ ನಲ್ಲಿಗೆ ಓಣಿ ತುಂಬ ಕೊಡ. ಗುಣ ಹೌದು. ಆದರೆ ಹೊಂದಿಕೊಂಡವನಿಗೆ ಸ್ವಲ್ಪ ದಿನದಲ್ಲಿ ತಾನು ಯಾವುದಕ್ಕೆ ಹೊಂದಿಕೊಂಡೆ ಅನ್ನುವುದೇ ಮರೆತುಹೋಗುತ್ತದೆ.

ಮರುದಿನ ಮಾರಾಟದ ಏಜೆಂಟ ಬಂದ. ವಿಷಯ ಕೇಳಿ ಅವನಿಗೆ ಖುಷಿಯೇ ಆಯಿತು. ‘ಏರ್ ತೆಗದೀರಿ, ಪಿನ್ ಹಾಕೀರಿ. ಈಗ ಒಂದ ಸಲಕ್ಕ ಬೀಳತೈತಿ ಹೌದಲ್ಲ? ನಾಳೆ ಹುಡುಗನ್ನ ಕರಸ್ತೇನಿ, ಓಡಿಸಿ ನೋಡ್ಲಿ. ಕಿಟ್ಟಿನ ಮಾತು ಯಾಕ? ಅರವತ್ತು ವರ್ಷದ ಗಾಡಿ, ಏನರ ಒಂದ ಇದ್ದ ಇರತೈತಿ ಅಂತ ಅವಗೂ ಗೊತ್ತೈತಿ. ನಾವೇನ ಸುಳ್ಳ ಹೇಳಾಕ ಹತ್ತೇವೇನ?’

ಈ ವಾದ ಅಷ್ಟು ಸುಲಭಕ್ಕೆ ಬಿದ್ದುಹೋಗುವಂಥದ್ದಲ್ಲ. ನಮ್ಮ ಕಾನೂನೇ ಅರ್ಧ ಅವನ ಕಡೆಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆ ಇದೆ. ಕುದುರೆಗೆ ದೋಷವಿದೆ ಅಂತ ಗೊತ್ತಿದ್ದೂ ಒಬ್ಬ ಏನೂ ಹೇಳದೆ ಅದನ್ನು ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಆದರೆ ಮುಂದಿನ ಸಾಲಿಗೇ ಕಾಯ್ದೆ ತಿರುಗಿ ನಿಲ್ಲುತ್ತದೆ. ಕೊಳ್ಳುವವಳು ಅವನ ಸ್ವಂತ ಮಗಳಾಗಿದ್ದು ಈಗಷ್ಟೇ ವಯಸ್ಸಿಗೆ ಬಂದವಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಅಂದರೆ ಸುಮ್ಮನಿರುವುದು ತಪ್ಪೋ ಅಲ್ಲವೋ ಅನ್ನುವುದು ಕುದುರೆಯ ಮೇಲೆ ನಿಂತಿಲ್ಲ, ಎದುರಿಗೆ ಇರುವವರು ನಮಗೆ ಏನಾಗಬೇಕು ಅನ್ನುವುದರ ಮೇಲೆ ನಿಂತಿದೆ. ಅದೇ ಕಲಮು ಗೊತ್ತಿರುವ ಸಂಗತಿಯನ್ನು ಬೇಕಂತಲೇ ಮುಚ್ಚಿಡುವುದನ್ನು ವಂಚನೆ ಅನ್ನುತ್ತದೆ. ಏರ್ ತೆಗೆದು, ಎರಡು ವಾರ ಚೆಂದಾಗಿ ನಡೆಯುವ ಕ್ಲಚ್ ಅಂತ ಗೊತ್ತಿದ್ದೇ ತೋರಿಸುವುದು ಸುಮ್ಮನಿರುವುದೋ, ಮುಚ್ಚಿಡುವುದೋ? ವಕೀಲರು ಎರಡೂ ಕಡೆ ವಾದಿಸಬಹುದು.

ಈ ಜಗಳ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಇಬ್ಬರು ಸ್ಟೋಯಿಕ್ ತತ್ವಜ್ಞಾನಿಗಳ ವಾದ ಬರುತ್ತದೆ, ದೋಷವಿರುವ ಮನೆಯೊಂದನ್ನು ಮಾರುವ ಬಗ್ಗೆ. ಬ್ಯಾಬಿಲೋನಿನ ಡಯೋಜೆನಿಸ್ ಹೇಳುವುದು, ಕೊಳ್ಳು ಅಂತ ಯಾರೂ ಬಲವಂತ ಮಾಡಿಲ್ಲ, ಹೇಳದೇ ಇರುವುದು ಬೇರೆ, ಮರೆಮಾಚುವುದು ಬೇರೆ. ಅವನ ಶಿಷ್ಯ ಆಂಟಿಪಾಟರ್ ಹೇಳುವುದು, ದಾರಿ ತಪ್ಪಿದವನಿಗೆ ದಾರಿ ತೋರಿಸದೇ ಇರುವುದಕ್ಕಿಂತಲೂ ಇದು ಕೆಟ್ಟದ್ದು. ಸಿಸೆರೋ ಆಂಟಿಪಾಟರನ ಕಡೆ. ಎರಡು ಸಾವಿರ ವರ್ಷ ಆಯಿತು, ಓಎಲ್ಎಕ್ಸಿನಲ್ಲಿ ಗೆಲ್ಲುತ್ತಿರುವವನು ಇನ್ನೂ ಡಯೋಜೆನಿಸನೇ.

ನನಗೆ ಇಬ್ಬರ ಮಾತಿಗಿಂತ ಕಾಕಾನ ಕಾಲು ಹೆಚ್ಚು ಕಲಿಸಿತು. ಆರು ವರ್ಷವೋ ಹತ್ತು ವರ್ಷವೋ, ಆ ಕಾರು ಓಡಿದ್ದು ಬರೀ ಕಾರಾಗಿ ಅಲ್ಲ. ಕಾರು ಮತ್ತು ‘ಎರಡು ಸಲ ತುಳಿ’ ಅನ್ನುವ ಜ್ಞಾನ, ಎರಡೂ ಸೇರಿ ಓಡಿತು. ಆ ಜ್ಞಾನವೂ ಅದರ ಒಂದು ಬಿಡಿಭಾಗ. ಕಾರು ಕೊಟ್ಟು ಅದನ್ನು ಇಟ್ಟುಕೊಳ್ಳುವುದು ಅಂದರೆ ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿಕೊಂಡು ಕೊಟ್ಟ ಹಾಗೆ. ತೂಕದಲ್ಲಿ ಕಡಿಮೆ ಕೊಟ್ಟಂತೆ. ಹೀಗೆ ನೋಡಿದರೆ ಕೊಳ್ಳುವವನು ಮಗಳೋ ಅಪರಿಚಿತನೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಅಪರಿಚಿತನಿಗೂ ತೂಕ ಸರಿಯಾಗಿಯೇ ಕೊಡಬೇಕು.

ಹಾಗಂತ ಎಲ್ಲವನ್ನೂ ಹೇಳುತ್ತ ಕೂರಬೇಕೇ? ಬಾಗಿಲಿನ ಗೀರು, ಮಾಸಿದ ಬಣ್ಣ, ಹರಿದ ಸೀಟು? ಬೇಡ. ಅವು ಅವನ ಕಣ್ಣಿಗೂ ಕಾಣುತ್ತವೆ. ನನಗೂ ಗೊತ್ತಿಲ್ಲದ್ದನ್ನು ಹೇಳುವುದಂತೂ ಸಾಧ್ಯವಿಲ್ಲ, ‘ಹಳೇ ಗಾಡಿಗೆ ಏನಾದರೂ ಇರುತ್ತದೆ’ ಅನ್ನುವ ಅಪಾಯ ರೇಟಿನಲ್ಲೇ ಸೇರಿದೆ. ಆದರೆ ‘ಏನಾದರೂ ಇರುತ್ತದೆ’ ಬೇರೆ, ‘ಇದೇ ಇದೆ’ ಬೇರೆ. ನನ್ನ ಹೊಂದಾಣಿಕೆಯಿಂದಾಗಿ ಕಾಣದೇ ಹೋದ ದೋಷವನ್ನು ಹೇಳುವ ಹೊಣೆ ನನ್ನದು. ಯಾಕೆಂದರೆ ಅದರ ಮೇಲೆ ಕಂಬಳಿ ಹೊದಿಸಿದವನು ನಾನೇ, ಗೊತ್ತಿದ್ದು ಹೊದಿಸಿದೆನೋ ಗೊತ್ತಿಲ್ಲದೆಯೋ. 1967ಕ್ಕಿಂತ ಹಿಂದಿನ ಎಂಜಿಬಿಗಳಲ್ಲಿ ಒಂದನೇ ಗೇರಿಗೆ ಸಿಂಕ್ರೊಮೆಶ್ ಇಲ್ಲ, ಕಾರು ನಿಂತ ಮೇಲೇ ಹಾಕಬೇಕು. ಚೋರ್ಲಾದ ಏರಿನಲ್ಲಿ, ತಿರುವಿನ ನಡುವೆ, ಹಿಂದೆ ಲಾರಿ ಇರುವಾಗ ಒಂದನೇ ಗೇರ್ ಬೀಳದೇ ಹೋದರೆ ಆ ಹುಡುಗನ ಎಡಗಾಲಿಗೆ ಎರಡನೇ ಸಲ ತುಳಿಯಬೇಕು ಅಂತ ಯಾರು ಹೇಳುತ್ತಾರೆ?

ನಮ್ಮ ಆಫೀಸುಗಳಲ್ಲಿ ಇದು ದಿನಾ ನಡೆಯುತ್ತದೆ. ಒಬ್ಬ ನೋಟಿಸ್ ಪೀರಿಯಡ್ ಮುಗಿಸಿ ಹೋಗುತ್ತಾನೆ. ನಲವತ್ತು ಪುಟದ ಕೆಟಿ ಡಾಕ್ಯುಮೆಂಟ್ ಬರೆದಿಟ್ಟಿರುತ್ತಾನೆ. ಪ್ರತಿ ಭಾನುವಾರ ರಾತ್ರಿ ಒಂದು ಸರ್ವಿಸನ್ನು ಕೈಯಾರೆ ರೀಸ್ಟಾರ್ಟ್ ಮಾಡುತ್ತಿದ್ದೆ ಅನ್ನುವ ಒಂದು ಸಾಲು ಮಾತ್ರ ಅದರಲ್ಲಿ ಇರುವುದಿಲ್ಲ. ದ್ವೇಷದಿಂದಲ್ಲ. ಅವನ ಬೆರಳಿಗೆ ಅದು ಊಟ ಆದ ಮೇಲೆ ಕೈ ತೊಳೆದಷ್ಟೇ ಸಹಜವಾಗಿರುತ್ತದೆ. ಮೂರನೇ ವಾರ, ರಾತ್ರಿ ಎರಡು ಗಂಟೆಗೆ, ಹೊಸದಾಗಿ ಸೇರಿದವಳ ಫೋನ್ ಹೊಡೆದುಕೊಳ್ಳುತ್ತದೆ.

ಮನೆಗಳಲ್ಲಿ ನಡೆಯುವುದು ಇದಕ್ಕಿಂತ ಗಂಭೀರ. ‘ಹುಡುಗನಿಗೆ ಸ್ವಲ್ಪ ಸಿಟ್ಟು ಜಾಸ್ತಿ, ಹೊಂದಿಕೊಂಡು ಹೋದರೆ ಬಂಗಾರದಂಥವನು’ ಅನ್ನುವ ಮಾತು ಮದುವೆಯಾದ ಮೇಲೆ ಕಿವಿಗೆ ಬೀಳುತ್ತದೆ, ಮೊದಲು ಬೀಳುವುದಿಲ್ಲ. ಅವನ ಮುಖ ನೋಡಿ ಟಿವಿ ಸಣ್ಣಗೆ ಮಾಡುವುದು, ಊಟಕ್ಕೆ ಕೂತಾಗ ಯಾರೂ ಮಾತಾಡದೇ ಇರುವುದು, ತಾಯಿ ಮುಂಚಿತವಾಗಿಯೇ ಪಕ್ಕಕ್ಕೆ ಸರಿಯುವುದು, ಇಡೀ ಮನೆ ಮೂವತ್ತು ವರ್ಷ ಎರಡೆರಡು ಸಲ ತುಳಿದು ರೂಢಿಯಾಗಿರುತ್ತದೆ. ಕೇಳಿದರೆ ‘ನಮ್ಮ ಹುಡುಗನಿಗೆ ಯಾವ ಕೆಟ್ಟ ಗುಣವೂ ಇಲ್ಲ’ ಅನ್ನುತ್ತಾರೆ, ಅವರ ಮಟ್ಟಿಗೆ ನಿಜವನ್ನೇ ಅನ್ನುತ್ತಾರೆ. ಬಂದವಳು ಒಂದೇ ಸಲ ತುಳಿಯುತ್ತಾಳೆ. ಆಮೇಲೆ ತಪ್ಪು ಅವಳದೇ ಆಗುತ್ತದೆ, ‘ಓಡಿಸಿ ರೂಢಿ ಇಲ್ಲ’ ಅಂದಂತೆ.

ಕಾಕಾ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ಗೆಳೆಯನಿಂದ ಒಂದು ಹಾಳೆಯಲ್ಲಿ ಎಲ್ಲ ಬರೆಸಿಕೊಂಡರು. ಮೊದಲು 8, ಏರ್ ತೆಗೆದ ಮೇಲೆ 11.5, ಪಿನ್ ಹಾಕಿದ ಮೇಲೆ 12.5, ಸ್ಲೇವಿನ ಕಿಟ್ ಬದಲಿಸಬೇಕು, ಅಲ್ಲಿಯವರೆಗೆ ವಾರಕ್ಕೊಮ್ಮೆ ಎಣ್ಣೆ ನೋಡಬೇಕು, ಮತ್ತೆ ಕಿರುಚಿದರೆ ಎರಡು ಸಲ ತುಳಿಯಬೇಕು, ಘಾಟಿಗೆ ಒಯ್ಯಬಾರದು. ಹಾಳೆಯನ್ನು ಹುಡುಗನ ಕೈಗೆ ಕೊಟ್ಟರು. ಅವನು ಕೃತಜ್ಞತೆಯಿಂದ ಕೈ ಹಿಡಿದುಕೊಂಡ ಅಂತ ಬರೆದರೆ ಓದಲು ಚೆಂದ. ಆದರೆ ಅವನು ಅದೇ ಹಾಳೆ ತೋರಿಸಿ 40 ಸಾವಿರ ಕಡಿಮೆ ಮಾಡಿಸಿದ. ಕಿಟ್ಟಿಗೆ ಅದರ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಏಜೆಂಟ ಇವತ್ತಿಗೂ ನಮ್ಮಿಬ್ಬರನ್ನು ಬೈಯುತ್ತಾನೆ. ಮಳೆ ಹೊಡೆಯುವ ಪಡುವಣ ದಿಕ್ಕಿಗೆ ಮಾತ್ರ ಹೊಸ ಹಂಚು ಬಿತ್ತು, ಉಳಿದರ್ಧ ಮನೆ ಆ ಮಳೆಗಾಲವನ್ನು ತಾಡಪತ್ರಿಯ ಕೆಳಗೆ ಕಳೆಯಿತು.

ಇಷ್ಟು ನಷ್ಟ ಮಾಡಿಕೊಂಡು ಯಾಕೆ ಕೊಟ್ಟಿರಿ ಅಂತ ಕೇಳಿದ್ದಕ್ಕೆ ಕಾಕಾ ಅಂದದ್ದು ಇಷ್ಟೇ. ‘ಗಾಡಿ ಕೊಟ್ಟೆ. ಕಾಲು ಕೊಡಾಕ ಬರೂದಿಲ್ಲಲ್ಲ ತಮ್ಮಾ. ಅದಕ್ಕ ಬರದು ಕೊಟ್ಟೆ.’

ನಮ್ಮ ಹಳ್ಳಿಯ ಕಡೆ ತೋಟಗಳಿಗೆ ತ್ರೀ ಫೇಸ್ ಕರೆಂಟು ಹೆಚ್ಚಾಗಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ರಾತ್ರಿ ಎದ್ದು ಹೋಗಲಾರದ ರೈತರು ಪಂಪಿಗೆ ಆಟೋ ಸ್ಟಾರ್ಟರ್ ಹಾಕಿಸಿರುತ್ತಾರೆ. ಕರೆಂಟು ಬಂದ ತಕ್ಷಣ ಮೋಟರ್ ತಾನೇ ತಿರುಗುತ್ತದೆ. ಹಾಕಿದವನಿಗೆ ಅದು ಅನುಕೂಲ. ಮೋಟರ್ ಬಂದ್ ಇದೆ ಅಂದುಕೊಂಡು ಕೈ ಹಾಕಿದವನಿಗೆ ಜೀವದ ಪ್ರಶ್ನೆ. ಹಾಗಾಗಿ ಪಂಪ್ ಶೆಡ್ಡಿನ ಬಾಗಿಲ ಮೇಲೆ ಸುಣ್ಣದಲ್ಲಿ, ಕೆಲವು ಕಡೆ ಬರೀ ಇದ್ದಿಲಿನಲ್ಲಿ, ‘ಆಟೋ ಐತಿ, ಮುಟ್ಟಬ್ಯಾಡ್ರಿ’ ಅಂತ ಬರೆದಿರುತ್ತಾರೆ. ಯಾವ ಕಾಯ್ದೆಗೂ ಹೆದರಿ ಬರೆದದ್ದಲ್ಲ. ತಾನು ಇಲ್ಲದ ಹೊತ್ತಿನಲ್ಲಿ ಅಲ್ಲಿಗೆ ಯಾರೋ ಬರಬಹುದು, ಅವರಿಗೆ ಇದು ಗೊತ್ತಿರುವುದಿಲ್ಲ ಅಂತ ಬರೆದದ್ದು. ಮಳೆಗೆ ಅಕ್ಷರ ಅಳಿಸಿಹೋದರೆ ಮತ್ತೆ ಬರೆಯುತ್ತಾರೆ.